ಪಾಲು ಕೇಳಿದಾಗ ಮಗು, ಸಗಣಿ ಬಾಚುವಾಗ ಗಂಡಾಳು

ಕಳೆದ ಜಾತ್ರೆಯಲ್ಲಿ ತೆಗೆದ ಒಂದು ವಿಡಿಯೊ ನಮ್ಮ ವಾಟ್ಸಾಪ್ ಗುಂಪಿಗೆ ಬಂತು. ನಲವತ್ತು ಸೆಕೆಂಡ್ ಇರಬಹುದು. ಅರವತ್ತು ದಾಟಿದ ಒಬ್ಬರು ಅರಳಿಕಟ್ಟೆ ಮೇಲೆ ನಿಂತಿದ್ದಾರೆ. ಹುಡುಗರು ಅವರ ಕೊರಳಿಗೆ ಚೆಂಡು ಹೂವಿನ ಹಾರ ಹಾಕಿದ್ದಾರೆ. ಕೈಗೆ ಖಾಲಿ ನೀರಿನ ಬಾಟಲಿ ಕೊಟ್ಟು 'ಇದೇ ಮೈಕು' ಅಂದಿದ್ದಾರೆ. 'ಈಗ ಮುಖ್ಯಮಂತ್ರಿಗಳು ಭಾಷಣ ಮಾಡ್ತಾರೆ' ಅಂತ ಒಬ್ಬ ಕೂಗುತ್ತಾನೆ. ಅವರು ಗಂಟಲು ಸರಿಮಾಡಿಕೊಂಡು, 'ಎಲ್ರಿಗೂ ಬಸ್ಸು ಬಿಡಿಸ್ತೀನಿ, ಎಲ್ರಿಗೂ ಬನ್ನು ಕೊಡಿಸ್ತೀನಿ' ಅನ್ನುತ್ತಾರೆ. ಕಟ್ಟೆ ಸುತ್ತ ನಗು. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಅವರ ಪಂಚೆ ಎಳೆಯುತ್ತಾನೆ. ನಗು ಇನ್ನೂ ಜೋರಾಗುತ್ತದೆ. ವಿಡಿಯೊ ಅಲ್ಲಿಗೆ ಮುಗಿಯುತ್ತದೆ.

ನಾವೂ ನಕ್ಕೆವು. ನಮ್ಮಲ್ಲಿ ಇಬ್ಬರು ಅದನ್ನು ಬೇರೆ ಗುಂಪುಗಳಿಗೂ ಕಳಿಸಿದರು. ಒಂದು ಗಂಟೆ ಆದ ಮೇಲೆ ನಮ್ಮ ಗೆಳೆಯನೊಬ್ಬ ಕೆಳಗೆ ಒಂದೇ ಸಾಲು ಬರೆದ: 'ಅವರು ನಮ್ಮ ದೊಡ್ಡಪ್ಪ.'

ಈ ಬರಹ ಅಲ್ಲಿಂದ ಶುರುವಾಯಿತು. ಹಳ್ಳಿಯ ಸುದ್ದಿ ಹಳ್ಳಿಯವರೇ ಬರೆಯಬೇಕು ಅಂತ ಪತ್ರಿಕೋದ್ಯಮ ಓದಿ ಬಂದ ನಾವೇ ಆ ಕಟ್ಟೆಯ ಸುತ್ತ ನಿಂತು ನಕ್ಕವರಲ್ಲಿ ಸೇರಿದ್ದೇವೆ. ಹಾಗಾಗಿ ಈ ಬೈಗುಳ ಮೊದಲು ನಮಗೆ, ಆಮೇಲೆ ನಿಮಗೆ.

ಊರಿಗೊಬ್ಬರು ಇದ್ದೇ ಇರುತ್ತಾರೆ

ನಿಮ್ಮ ಊರಲ್ಲೂ ಇದ್ದಾರೆ. ನಿಮ್ಮ ಮನೆಯಲ್ಲೇ ಇರಬಹುದು. ಓಡದ ಗಡಿಯಾರ ಕಟ್ಟಿಕೊಂಡು ಸಿಕ್ಕವರಿಗೆಲ್ಲ ಟೈಮು ಹೇಳುವವರು. ಬಸ್ ಟಿಕೆಟ್ ಕೂಡಿಸಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟುಕೊಳ್ಳುವವರು. ದಿನಕ್ಕೆ ಇಪ್ಪತ್ತು ಸಲ 'ಊಟ ಆಯ್ತಾ' ಅಂತ ಕೇಳುವವರು. ಪಟಾಕಿ ಸದ್ದಿಗೆ ಹೆದರಿ ಕಣಜದ ಹಿಂದೆ ಅಡಗುವವರು. ಯಾರದೇ ಸಾವಿರಲಿ, ಮನೆಯವರಿಗಿಂತ ಮೊದಲು ಹೋಗಿ ಅಳುವವರು. ಬಿಸ್ಕೆಟ್ ಕೊಡಲಿಲ್ಲ ಅಂತ ಎರಡು ದಿನ ಮಾತು ಬಿಡುವವರು.

ಇವರಿಗೆ ನಾವು ಇಟ್ಟಿರುವ ಹೆಸರುಗಳನ್ನು ಲೆಕ್ಕ ಹಾಕಿ. ಪೆದ್ದ, ದಡ್ಡ, ತಿಕ್ಲು, ಅರೆಹುಚ್ಚ, ಬೆಪ್ಪ, ಮಂಕ. ಮನಸ್ಸು ಒಳ್ಳೆಯದಿದ್ದರೆ ದೇವರಂಥೋನು, ಪಾಪದೋನು, ಮಗು. ಅಪ್ಪ ಅಮ್ಮ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿರುತ್ತದೆ. ಗೆಳೆಯನ ದೊಡ್ಡಪ್ಪನ ನಿಜವಾದ ಹೆಸರು ಅವರ ಬೀದಿಯ ಅರ್ಧ ಜನಕ್ಕೆ ಗೊತ್ತಿಲ್ಲ.

ಇನ್ನೊಂದು ಗಮನಿಸಿ. ನಮ್ಮ ಕಡೆ ವಯಸ್ಸಿಗೆ ಮರ್ಯಾದೆ ಇದೆ ಅಂತ ನಾವು ಹೇಳಿಕೊಳ್ಳುತ್ತೇವೆ. ನಾಲ್ಕು ವರ್ಷ ದೊಡ್ಡವನಿಗೂ 'ಬನ್ನಿ ಅಣ್ಣ' ಅನ್ನುತ್ತೇವೆ. ಈ ಮನುಷ್ಯನಿಗೆ ಮಾತ್ರ ಒಂದನೇ ಕ್ಲಾಸಿನ ಹುಡುಗನೂ 'ಬಾರ್ಲಾ, ಹೋಗ್ಲಾ' ಅನ್ನುತ್ತಾನೆ. ತಿದ್ದುವವರು ಯಾರೂ ಇಲ್ಲ. ಅರವತ್ತು ವರ್ಷ ಬದುಕಿದವರಿಗೆ ಬಹುವಚನ ಕೊಡಲು ನಮ್ಮ ಬಾಯಿಗೆ ಏನು ಖರ್ಚು?

'ಮಗು ಥರ ನೋಡ್ಕೋತೀವಿ' ಅನ್ನೋದು ಎಲ್ಲ ಮನೆಯಲ್ಲೂ ಸಿಗುವ ಉತ್ತರ. ನಮ್ಮ ತಕರಾರು ಇರುವುದೇ ಈ ಮಾತಿನ ಮೇಲೆ.

ಎರಡು ಲೆಕ್ಕದ ಪುಸ್ತಕ

ಊರಿನ ಹೆಸರು ಬರೆಯುವುದಿಲ್ಲ. ತಿಪಟೂರು ಕಡೆ ಅಂದರೆ ಸಾಕು. ತೆಂಗು, ರಾಗಿ, ನಾಲ್ಕು ಹಸು ಇರುವ ಮನೆ. ಆ ಮನೆಯಲ್ಲಿ ದೊಡ್ಡಪ್ಪನ ದಿನ ಹೇಗಿರುತ್ತದೆ ಅಂತ ಗೆಳೆಯನನ್ನು ಕೇಳಿದೆವು. ಅವನು ಹೇಳಿದ್ದನ್ನು ಹಾಗೇ ಇಡುತ್ತೇವೆ.

ಬೆಳಗ್ಗೆ ಐದಕ್ಕೆ ಏಳುತ್ತಾರೆ. ಕೊಟ್ಟಿಗೆ ಬಾಚಿ ಸಗಣಿಯನ್ನು ತಿಪ್ಪೆಗೆ ಹಾಕುತ್ತಾರೆ. ಡೈರಿಗೆ ಹಾಲಿನ ಕ್ಯಾನ್ ಹೊತ್ತುಕೊಂಡು ಹೋಗುತ್ತಾರೆ. ಹಸುಗಳನ್ನು ಹೊಡೆದುಕೊಂಡು ಹೋಗಿ ಮಧ್ಯಾಹ್ನ ಎರಡರವರೆಗೆ ಮೇಯಿಸುತ್ತಾರೆ. ಬಂದ ಮೇಲೆ ಬಿದ್ದ ಕಾಯಿ, ಗರಿ ಹೊತ್ತು ತರುತ್ತಾರೆ. ಕೊಬ್ಬರಿ ಅಟ್ಟಕ್ಕೆ ಕಾಯಿ ಏರಿಸುವುದೂ ಅವರೇ, ಇಳಿಸುವುದೂ ಅವರೇ. ಸಂಜೆ ಮತ್ತೆ ಹಾಲು. ಮಧ್ಯೆ ಯಾರು ಕೂಗಿದರೂ ಅಂಗಡಿಗೆ, ಗಿರಣಿಗೆ ಓಡಬೇಕು. ನೆಂಟರು ಬಂದರೆ ಅವರ ಬ್ಯಾಗು ಹೊರುವುದೂ ಇವರೇ. ಇದು ಹತ್ತು ಹನ್ನೆರಡು ವರ್ಷದ ಹುಡುಗನಿಂದ ಶುರುವಾಗಿ ಇವತ್ತಿನವರೆಗೆ ನಡೆದಿದೆ. ಭಾನುವಾರ ಇಲ್ಲ, ಹಬ್ಬ ಇಲ್ಲ. ಕೂಲಿಯಂತೂ ಇಲ್ಲವೇ ಇಲ್ಲ.

ಒಂದು ಲೆಕ್ಕ ಹಾಕೋಣ. 2024-25ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ತೋಟದ ಕೂಲಿ ಅದಕ್ಕಿಂತ ಜಾಸ್ತಿ ಅನ್ನೋದು ನಿಮಗೇ ಗೊತ್ತು. ಇರಲಿ, ಕಡಿಮೆಯದನ್ನೇ ಹಿಡಿಯೋಣ. ವರ್ಷಕ್ಕೆ ಬರೀ 300 ದಿನ ಅಂದರೆ 1,04,700 ರೂಪಾಯಿ. ದುಡಿದದ್ದು 40 ವರ್ಷ ಅಂತ ಇಟ್ಟುಕೊಂಡರೆ, ಆ ಕೂಲಿಯ ಲೆಕ್ಕದಲ್ಲಿ ಸುಮಾರು 42 ಲಕ್ಷ. ತಿಂದ ಮುದ್ದೆ, ಸಾರು, ವರ್ಷಕ್ಕೆರಡು ಜೊತೆ ಬಟ್ಟೆ ಕಳೆಯಿರಿ. ಆಮೇಲೆ ಹೇಳಿ, ಆ ಮನೆಯಲ್ಲಿ ಯಾರು ಯಾರನ್ನು ಸಾಕಿದ್ದಾರೆ?

ಇದೇ ಮನುಷ್ಯ ಹತ್ತು ರೂಪಾಯಿ ಕೇಳಿದರೆ, 'ಅವ್ನಿಗ್ಯಾಕೆ ದುಡ್ಡು, ಮಗು ಅವ್ನು, ಕಳ್ಕೊಂಬಿಡ್ತಾನೆ' ಅನ್ನುತ್ತಾರೆ. ಕ್ವಿಂಟಲ್‌ಗಟ್ಟಲೆ ಕೊಬ್ಬರಿ ಹೊರುವಾಗ ಮಗು ಅಲ್ಲ. ಜಾಗ್ರತೆಯಾಗಿ ಗಬ್ಬದ ಹಸು ಕಾಯುವಾಗ ಮಗು ಅಲ್ಲ. ಕೈಗೆ ದುಡ್ಡು ಕೊಡಬೇಕಾದಾಗ, ಮದುವೆ ಮನೆಗೆ ಕರೆದುಕೊಂಡು ಹೋಗಬೇಕಾದಾಗ, 'ನಿನಗೇನು ಬೇಕು' ಅಂತ ಕೇಳಬೇಕಾದಾಗ ಮಾತ್ರ ಮಗು.

ಮಗುವಿಗೆ ಯಾರೂ ಹಾಗೆ ಕೆಲಸ ಹೇಳುವುದಿಲ್ಲ. ಆಳಿಗಾದರೆ ಯಾರೂ ಕೂಲಿ ತಪ್ಪಿಸುವುದಿಲ್ಲ, ತಪ್ಪಿಸಿದರೆ ನಾಳೆ ಬರುವುದಿಲ್ಲ. ಈ ಮನುಷ್ಯನಿಗೆ ಮಗುವಿನ ಸುಖವೂ ಇಲ್ಲ, ಆಳಿನ ಹಕ್ಕೂ ಇಲ್ಲ.

ಪಹಣಿಯಲ್ಲಿ ಇಲ್ಲದ ಹೆಸರು

ಈಗ ಜಮೀನಿನ ವಿಷಯಕ್ಕೆ ಬರೋಣ. ಎಲ್ಲರೂ ಮಾತು ತಗ್ಗಿಸುವುದು ಇಲ್ಲೇ.

ಗೆಳೆಯನ ಅಜ್ಜನಿಗೆ ಆರು ಎಕರೆ ಇತ್ತು. ಮೂರು ಗಂಡುಮಕ್ಕಳು, ದೊಡ್ಡಪ್ಪನೇ ಹಿರಿಯರು. ಅಜ್ಜ ತೀರಿಕೊಂಡ ಮೇಲೆ ಅತ್ತೆಯರು ಹಕ್ಕು ಬಿಟ್ಟುಕೊಟ್ಟರು. ಅದು ಬೇರೆ ದಿನ ಬರೆಯಬೇಕಾದ ಅನ್ಯಾಯ. ಉಳಿದ ಮೂವರಿಗೆ ತಲಾ ಎರಡೆರಡು ಎಕರೆ ಬರಬೇಕಿತ್ತು. ಊರಿನ ಹಿರಿಯರು ಕೂತು ಪಂಚಾಯ್ತಿ ಮಾಡಿದರು. 'ಅವ್ನಿಗೇನು ಹೆಂಡ್ರಾ ಮಕ್ಳಾ? ಇಬ್ರೂ ಸೇರಿ ನೋಡ್ಕೊಳ್ರಪ್ಪ' ಅಂದರು. ಜಮೀನು ಮೂರು ಮೂರು ಎಕರೆ ಆಯಿತು. ಸಬ್ ರಿಜಿಸ್ಟ್ರಾರ್ ಕಚೇರಿಗೆ ದೊಡ್ಡಪ್ಪನನ್ನು ಹೊಸ ಅಂಗಿ ಹಾಕಿಸಿ ಕರೆದುಕೊಂಡು ಹೋದರು. ಹೆಬ್ಬೆಟ್ಟು ಒತ್ತಿಸಿದರು. ಬರುವಾಗ ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸಿದರು. ಆ ದೋಸೆಯ ಸುದ್ದಿಯನ್ನು ಅವರು ಈಗಲೂ ಖುಷಿಯಿಂದ ಹೇಳುತ್ತಾರಂತೆ.

ಎರಡು ಎಕರೆ ತೆಂಗಿನ ತೋಟಕ್ಕೆ ಒಂದು ದೋಸೆ. ನಮ್ಮ ಕಡೆ ಗಾದೆಯೇ ಇದೆಯಲ್ಲ, ಹುಚ್ಚರ ಮದುವೇಲಿ ಉಂಡೋನೇ ಜಾಣ ಅಂತ. ಗಾದೆ ಮಾಡಿದವರು ನಗಿಸಲು ಮಾಡಿದರೋ ಏನೋ, ನಾವು ಅದನ್ನೇ ನಿಯಮ ಮಾಡಿಕೊಂಡಿದ್ದೇವೆ.

ಕಟ್ಟೆ ಮೇಲೆ ಕೂತು ತೀರ್ಪು ಕೊಡುವ ಹಿರಿಯರಿಗೆ ಒಂದು ಮಾತು. ಬುದ್ಧಿ ಬೆಳೆಯದವರಿಗೆ ಪಾಲಿಲ್ಲ ಅನ್ನುವ ಕಾನೂನು ಹಿಂದೊಂದು ಕಾಲಕ್ಕೆ ಇತ್ತು, ನಿಜ. 1928ರಲ್ಲಿ ಬ್ರಿಟಿಷರ ಕಾಲದ ಒಂದು ಕಾಯ್ದೆ ಕುರುಡರು, ಕಿವುಡರು ಮುಂತಾದವರಿಗೆ ಇದ್ದ ಅಡ್ಡಿ ತೆಗೆಯಿತು. ಆದರೆ ಹುಟ್ಟಿನಿಂದಲೇ ಬುದ್ಧಿ ಬೆಳೆಯದವರನ್ನು ಹೊರಗೇ ಬಿಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಆ ಅಡ್ಡಿಯನ್ನೂ ತೆಗೆದುಹಾಕಿತು. ಅದರ 28ನೇ ಕಲಂ ಹೇಳುವುದು ಇಷ್ಟೇ: ರೋಗ, ಕೊರತೆ, ಅಂಗವಿಕಲತೆ ಇದೆ ಅನ್ನುವ ಕಾರಣಕ್ಕೆ ಯಾರಿಗೂ ಪಾಲು ತಪ್ಪಿಸುವ ಹಾಗಿಲ್ಲ. ಮುಸ್ಲಿಂ, ಕ್ರೈಸ್ತ ಕುಟುಂಬಗಳಲ್ಲೂ ಬುದ್ಧಿ ಕಡಿಮೆ ಅಂತ ಪಾಲು ತಪ್ಪಿಸಲು ಕಾನೂನಿನಲ್ಲಿ ಜಾಗ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನೇ ಇನ್ನೂ ಬಿಡಿಸಿ ಹೇಳಿದೆ: ಆಸ್ತಿ ಹೊಂದುವ, ಪಿತ್ರಾರ್ಜಿತ ಪಡೆಯುವ, ತನ್ನ ಹಣಕಾಸು ತಾನು ನೋಡಿಕೊಳ್ಳುವ ಹಕ್ಕು ಅವರಿಗೂ ಸಮನಾಗಿ ಇದೆ. ಅಂದರೆ ನಮ್ಮ ಪಂಚಾಯ್ತಿ ಕಟ್ಟೆಗಳಲ್ಲಿ ಓಡುತ್ತಿರುವುದು 1956ರಲ್ಲೇ ಸತ್ತುಹೋದ ಕಾನೂನು.

ಹೆಂಡತಿ ಮಕ್ಕಳಿಲ್ಲ ಅನ್ನೋದೂ ಕಾರಣವಲ್ಲ. ಮದುವೆಯಾಗದ ನಮ್ಮ ಎಂಎಲ್‌ಎ, ಮೇಷ್ಟ್ರು, ಸ್ವಾಮೀಜಿಗಳ ಆಸ್ತಿಯನ್ನು ಯಾರಾದರೂ ಹೀಗೆ ಹಂಚಿಕೊಂಡಿದ್ದಾರಾ?

'ಅವರೇ ಹೆಬ್ಬೆಟ್ಟು ಒತ್ತಿದ್ದಾರೆ, ಬಲವಂತ ಮಾಡಿಲ್ಲ' ಅಂತ ಹೇಳುವವರು ಇದನ್ನು ಯೋಚನೆ ಮಾಡಿ. ಒಪ್ಪಂದ ಮಾಡಿಕೊಳ್ಳುವವರಿಗೆ ಅದೇನು ಅಂತ ಅರ್ಥ ಆಗಬೇಕು, ತನಗೆ ಅದರಿಂದ ಲಾಭವೋ ನಷ್ಟವೋ ತಿಳಿಯಬೇಕು ಅಂತ 1872ರ ಕರಾರು ಕಾಯ್ದೆಯೇ ಹೇಳುತ್ತದೆ. ದೊಡ್ಡಪ್ಪನಿಗೆ ಏನೂ ತಿಳಿಯುವುದಿಲ್ಲ, ಮಗು ಅಂತ ನೀವು ಹೇಳುವುದಾದರೆ, ಆ ಹಕ್ಕು ಬಿಡುಗಡೆ ಪತ್ರಕ್ಕೆ ಕೋರ್ಟಿನಲ್ಲಿ ಬೆಲೆ ಇರುವುದಿಲ್ಲ. ಇಲ್ಲ, ಅವರಿಗೆ ತಿಳಿಯುತ್ತದೆ, ತಿಳಿದೇ ಒತ್ತಿದರು ಅನ್ನುವುದಾದರೆ, ಅಷ್ಟು ತಿಳಿಯುವವರನ್ನು ನಲವತ್ತು ವರ್ಷ ಒಂದು ಮಾತೂ ಕೇಳದೆ ದುಡಿಸಿದ್ದು ಯಾಕೆ? ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಎರಡೂ ದೋಣಿಯಲ್ಲಿ ಕಾಲಿಡಬೇಡಿ.

ಕೆಲವು ಮನೆಗಳಲ್ಲಿ ಹೆಬ್ಬೆಟ್ಟಿನ ತಾಪತ್ರಯವೂ ಇಲ್ಲ. ನಾಡಕಚೇರಿಗೆ ಕೊಡುವ ವಂಶವೃಕ್ಷದಲ್ಲೇ ಹೆಸರು ಬಿಟ್ಟುಬಿಡುತ್ತಾರೆ. ಬದುಕಿರುವ ಮನುಷ್ಯ, ಪಕ್ಕದಲ್ಲೇ ಹಸುವಿಗೆ ಹುಲ್ಲು ಹಾಕುತ್ತಿರುವ ಮನುಷ್ಯ, ಕಾಗದದಲ್ಲಿ ಹುಟ್ಟೇ ಇರುವುದಿಲ್ಲ.

ಕೊನೇ ಪಂಕ್ತಿ

ಆಸ್ತಿ ಇಲ್ಲದ ಬಡವರ ಮನೆಯಲ್ಲೂ ಈ ಕಥೆ ಬೇರೆ ಥರ ನಡೆಯುತ್ತದೆ. ಅಲ್ಲಿ ಪಾಲಿನ ಬದಲು ಪಿಂಚಣಿ. 65 ವರ್ಷ ದಾಟಿದವರ ಸಂಧ್ಯಾ ಸುರಕ್ಷಾ ದುಡ್ಡೋ ಅಂಗವಿಕಲರ ಪಿಂಚಣಿಯೋ ತಿಂಗಳು ತಿಂಗಳು ಅವರ ಹೆಸರಿಗೆ ಬರುತ್ತದೆ. ತೆಗೆಯುವವರು ಬೇರೆ. ಆ ದುಡ್ಡಲ್ಲಿ ಮನೆ ನಡೆದರೆ ತಪ್ಪೇನಿಲ್ಲ, ಅವರೂ ಮನೆಯವರೇ. ಆದರೆ ತಿಂಗಳಿಗೆ ನೂರು ರೂಪಾಯಿಯನ್ನಾದರೂ ಅವರ ಜೇಬಿಗೆ ಹಾಕಿದ್ದೀರಾ? ಚಪ್ಪಲಿ ಕಿತ್ತುಹೋಗಿ ಎಷ್ಟು ದಿನ ಆಯಿತು ನೋಡಿದ್ದೀರಾ?

ಇನ್ನು ಊಟ. ಎಲ್ಲರದ್ದೂ ಆದ ಮೇಲೆ, ಜಗಲಿಯಲ್ಲಿ, ಅವರದ್ದೇ ಬೇರೆ ತಟ್ಟೆ. ಮದುವೆ ಮನೆಯಲ್ಲಿ ಅವರನ್ನು ಅಡುಗೆಯವರ ಹತ್ತಿರ ನೀರು ಹೊರಲು ಬಿಡುತ್ತೇವೆ, ಬೀಗರು ಬರುವ ಹೊತ್ತಿಗೆ ಕಾಣದ ಹಾಗೆ ಕೋಣೆಗೆ ಕಳಿಸುತ್ತೇವೆ. 'ಹೆಣ್ಣು ಕೊಡೋರು ಏನಂದ್ಕೋತಾರೆ' ಅನ್ನೋ ಭಯ. ಲಗ್ನಪತ್ರಿಕೆಯಲ್ಲಿ ಮೂರನೇ ತಲೆಮಾರಿನ ನೆಂಟರ ಹೆಸರೂ ಇರುತ್ತದೆ, ಸ್ವಂತ ದೊಡ್ಡಪ್ಪನ ಹೆಸರು ಇರುವುದಿಲ್ಲ. ಫೋಟೋಗೆ ನಿಂತಾಗ ಯಾರೋ ಅವರ ಕೈಗೆ ಲೋಟ ಕೊಟ್ಟು 'ಹೋಗಿ ನೀರು ತಗೊಂಬಾ' ಅನ್ನುತ್ತಾರೆ. ತಂದಾಗ ಫೋಟೋ ಮುಗಿದಿರುತ್ತದೆ.

ಇದಕ್ಕೆ ಇನ್ನೊಂದು ಮುಖ, ಮದುವೆ ಮಾಡಿದರೆ ಸರಿಹೋಗುತ್ತಾನೆ ಅನ್ನುವ ನಂಬಿಕೆ. ಬಡವರ ಮನೆಯ ಹುಡುಗಿಯೊಬ್ಬಳಿಗೆ ವಿಷಯ ಮುಚ್ಚಿಟ್ಟು ತಾಳಿ ಕಟ್ಟಿಸುತ್ತಾರೆ. ಮದುವೆ ಔಷಧಿಯಲ್ಲ. ಅಲ್ಲಿ ಹಾಳಾಗುವುದು ಎರಡು ಜೀವ.

ನಾವು ಇಲ್ಲಿಯವರೆಗೆ ಗಂಡಸಿನ ಬಗ್ಗೆಯೇ ಬರೆದೆವು. ಕಟ್ಟೆಯ ಮೇಲೆ ಕಾಣುವುದು ಗಂಡಸು ಮಾತ್ರ. ಇಂಥದ್ದೇ ಸ್ವಭಾವದ ಚಿಕ್ಕಮ್ಮ, ಸೋದರತ್ತೆ ಎಷ್ಟೋ ಮನೆಗಳ ಹಿತ್ತಿಲಲ್ಲಿ ಪಾತ್ರೆ ಉಜ್ಜುತ್ತಿದ್ದಾರೆ. ಪಕ್ಕದ ಬೀದಿಯವರು ಅವರ ಮುಖ ನೋಡಿಲ್ಲ. ಅವರಿಗೆ ಏನಾದರೂ ಆದರೆ ಹೇಳಲು ಮಾತು ಸಾಲದು, ಹೇಳಿದರೂ ನಂಬುವವರು ಇಲ್ಲ. 'ಮಾನ ಕಾಪಾಡೋಕೆ ಒಳಗಿಟ್ಟಿದೀವಿ' ಅನ್ನುತ್ತಾರೆ. ಒಳಗಿಟ್ಟು ಕಾಪಾಡಿದ್ದು ಮನೆಯ ಮಾನವೋ ಅವರ ಜೀವವೋ ಅಂತ ಕೇಳಿಕೊಳ್ಳಬೇಕು.

ಇನ್ನೂ ಕೆಲವೆಡೆ ಹೊಡೆಯುತ್ತಾರೆ, ಕಟ್ಟಿಹಾಕುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕಾಯಿಲೆ ಇರುವವರನ್ನು ಸರಪಳಿಯಲ್ಲಿ ಕಟ್ಟುವುದನ್ನು ಪೂರ್ತಿ ನಿಷೇಧಿಸಿದೆ. ಇನ್ನು ಆ ಜಾತ್ರೆಯ ವಿಡಿಯೊ ತರಹದ್ದು. ಅಂಗವಿಕಲರನ್ನು ನಾಲ್ಕು ಜನರ ಎದುರು ಬೇಕೆಂದೇ ಅವಮಾನ ಮಾಡಿದರೆ 2016ರ ಕಾಯ್ದೆಯ 92ನೇ ಕಲಂ ಪ್ರಕಾರ ಕಡಿಮೆ ಅಂದರೆ ಆರು ತಿಂಗಳು, ಐದು ವರ್ಷದವರೆಗೂ ಜೈಲು ಆಗಬಹುದು. ಪಂಚೆ ಎಳೆದವನಿಗೆ, ಫೋನು ಹಿಡಿದವನಿಗೆ ಇದು ಗೊತ್ತಿರಲಿ. ಕೇಸು ಹಾಕಿ ಅಂತ ನಾವು ಹೇಳುತ್ತಿಲ್ಲ. ಆದರೆ ಕಾನೂನು ಇದನ್ನು ತಮಾಷೆ ಅಂತ ಕರೆದಿಲ್ಲ.

'ನೀವು ಬರೀತೀರಿ, ಬಳಿಯೋರು ನಾವು'

ಈ ಬರಹದ ಕರಡನ್ನು ಗೆಳೆಯ ತನ್ನ ತಾಯಿಗೆ ಓದಿ ಹೇಳಿದ. ಅವರು ಹೇಳಿದ ಮಾತು ನಮ್ಮ ಬಾಯಿ ಮುಚ್ಚಿಸಿತು.

'ಬರೀರಪ್ಪ ಬರೀರಿ. ಜ್ವರ ಬಂದಾಗ ಹಾಸಿಗೇಲೇ ಮಾಡ್ಕೊಂಡಿದ್ದು ಬಳ್ದೋಳು ನಾನು. ಅವ್ರ ತಲೇಲಿ ಹೇನು ತೆಗ್ದೋಳು ನಾನು. ನಿಮ್ಮಪ್ಪ ಒಂದಿನ ಒಂದು ಚೊಂಬು ನೀರು ಹುಯ್ದಿಲ್ಲ. ಪಾಲು ತಗೊಂಡಿದ್ದು ಗಂಡಸ್ರು, ಪಾಪ ಅಂತ ಮಾಡಿದ್ದು ನಾನು. ಈಗ ನೀನು ಬಂದು "ನಾವು ಹಿಂಗ್ ಮಾಡಿದ್ವಿ" ಅಂತೀಯ.'

ಈ ಮಾತಿಗೆ ನಮ್ಮಲ್ಲಿ ಉತ್ತರ ಇಲ್ಲ, ಒಪ್ಪಿಗೆ ಮಾತ್ರ ಇದೆ. ಇಂಥವರನ್ನು ನೋಡಿಕೊಳ್ಳುವುದು ಸುಲಭವಲ್ಲ. ಹಟ ಮಾಡುತ್ತಾರೆ, ಹೇಳದೆ ಎಲ್ಲೋ ಹೋಗುತ್ತಾರೆ, ಹೇಳಿದ್ದನ್ನೇ ಹೇಳುತ್ತಾರೆ. ಒಂದು ದಿನ ಅಲ್ಲ, ಇಡೀ ಜನ್ಮ. ಆ ಭಾರ ಬೀಳುವುದು ತಾಯಿಯ ಮೇಲೆ, ತಾಯಿ ಹೋದ ಮೇಲೆ ಅತ್ತಿಗೆ ನಾದಿನಿಯರ ಮೇಲೆ. ತೀರ್ಮಾನ ಮಾತ್ರ ಗಂಡಸರದ್ದು. ಆದ್ದರಿಂದ 'ಮನೆಯವರು' ಅಂತ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ತಪ್ಪು.

ಆದರೆ ಈ ಕಷ್ಟವೇ ನಮ್ಮ ವಾದಕ್ಕೆ ಬಲ. ಆ ಎರಡು ಎಕರೆ ದೊಡ್ಡಪ್ಪನ ಹೆಸರಲ್ಲೇ ಇದ್ದಿದ್ದರೆ, ಆ ಕೊಬ್ಬರಿಯ ದುಡ್ಡಿನಲ್ಲಿ ಅವರ ಔಷಧಿ, ಬಟ್ಟೆ, ಬೇಕಿದ್ದರೆ ನೋಡಿಕೊಳ್ಳಲು ಒಬ್ಬರಿಗೆ ಸಂಬಳ ಎಲ್ಲವೂ ಆಗುತ್ತಿತ್ತು. ಅತ್ತಿಗೆಯ ಕೈ ಸ್ವಲ್ಪ ಹಗುರವಾಗುತ್ತಿತ್ತು. ಪಾಲು ಕಿತ್ತುಕೊಂಡು, ಭಾರವನ್ನು ಹೆಂಗಸರ ತಲೆ ಮೇಲೆ ಹಾಕಿ, 'ನಾವು ಸಾಕಿದ್ವಿ' ಅಂತ ಕಟ್ಟೆ ಮೇಲೆ ಹೇಳಿಕೊಂಡವರು ಇಬ್ಬರಿಗೂ ಮೋಸ ಮಾಡಿದ್ದಾರೆ.

ಎಲ್ಲವನ್ನೂ ಅರಳು ಮರಳು ಅನ್ನಬೇಡಿ

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಹುಟ್ಟಿನಿಂದ ಮಗುವಿನಂತಿರುವವರು ಒಂದು ಥರ. ಅದು ಕಾಯಿಲೆಯಲ್ಲ. ಬುದ್ಧಿ ಬೆಳವಣಿಗೆ ನಿಧಾನವಾಗಿದೆ ಅಷ್ಟೆ, ಮಾತ್ರೆಯಿಂದ ಹೋಗುವುದಿಲ್ಲ. ಚೆನ್ನಾಗಿದ್ದವರು ವಯಸ್ಸಾದ ಮೇಲೆ ಮಗುವಿನಂತೆ ಆಗುವುದು ಬೇರೆ ಥರ. ಉಂಡದ್ದನ್ನು ಮರೆಯುತ್ತಾರೆ, ಸೊಸೆ ಕದ್ದಳು ಅನ್ನುತ್ತಾರೆ, ರಾತ್ರಿ ಎದ್ದು 'ನಮ್ಮೂರಿಗೆ ಹೋಗಬೇಕು' ಅಂತ ಹೊರಡುತ್ತಾರೆ. 'ಅರವತ್ತಕ್ಕೆ ಅರಳು ಮರಳು' ಅಂತ ನಾವು ಸುಮ್ಮನಾಗುತ್ತೇವೆ.

ಸುಮ್ಮನಾಗಬೇಡಿ. ಅದು ಮರೆವಿನ ಕಾಯಿಲೆ ಇರಬಹುದು. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆ ಇದ್ದರೂ ಹೀಗೆ ಕಾಣಬಹುದು. ಇವಕ್ಕೆ ಚಿಕಿತ್ಸೆ ಇದೆ. ಅನಂತನಾಗ್ ಅವರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಸಿನಿಮಾ ನೋಡಿ ಕಣ್ಣೀರು ಹಾಕಿದವರು ಮನೆಯ ಅಜ್ಜ ಅದೇ ಮಾಡಿದಾಗ ಗದರುವುದು ಯಾಕೆ? ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮನೋವೈದ್ಯರು ಬರುವ ದಿನ ಕೇಳಿ. ಹೋಗಲು ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರಲ್ಲಿ ಶುರುವಾದದ್ದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಏನು ಮಾಡಬಹುದು

ಬೈದು ಬಿಟ್ಟು ಹೋದರೆ ನಮ್ಮ ಕೆಲಸ ಅರ್ಧ. ಗೊತ್ತಿರಬೇಕಾದ ನಾಲ್ಕು ಸಂಗತಿ ಇಲ್ಲಿವೆ.

ಒಂದು, ನಿಮ್ಮ ಗ್ರಾಮ ಪಂಚಾಯ್ತಿಯಲ್ಲಿ ಅಂಗವಿಕಲರಿಗಾಗಿಯೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ವಿಆರ್‌ಡಬ್ಲ್ಯೂ ಅನ್ನುತ್ತಾರೆ. ಅವರನ್ನು ಕಂಡು ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸಿ. ಬುದ್ಧಿ ಬೆಳವಣಿಗೆಯ ಕೊರತೆಯೂ 2016ರ ಕಾಯ್ದೆ ಪಟ್ಟಿ ಮಾಡಿದ 21 ಬಗೆಯ ಅಂಗವಿಕಲತೆಗಳಲ್ಲಿ ಒಂದು. ಆ ಕಾರ್ಡ್ ಇದ್ದರೆ ಪಿಂಚಣಿಯಂಥ ಸವಲತ್ತುಗಳಿಗೆ ದಾರಿ. 'ನಿರಾಮಯ' ಅನ್ನುವ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷದವರೆಗೆ ಆಸ್ಪತ್ರೆ ಖರ್ಚು ಸಿಗುತ್ತದೆ.

ಎರಡು, ಆಸ್ತಿ ನೋಡಿಕೊಳ್ಳಲು ಯಾರಾದರೂ ಬೇಕೇ ಬೇಕು ಅನ್ನಿಸಿದರೆ ಹೆಬ್ಬೆಟ್ಟು ಒತ್ತಿಸುವುದು ದಾರಿಯಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಇದೆ. ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿ ಪೋಷಕರನ್ನು ನೇಮಿಸುತ್ತದೆ. ಪೋಷಕ ಅಂದರೆ ಮಾಲೀಕ ಅಲ್ಲ. ನೇಮಕವಾದ ಆರು ತಿಂಗಳಲ್ಲಿ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕು.

ಮೂರು, 60 ದಾಟಿದ, ಮಕ್ಕಳಿಲ್ಲದ ಹಿರಿಯರ ಆಸ್ತಿಯನ್ನು ಅನುಭವಿಸುತ್ತಿರುವ ವಾರಸುದಾರರು ಅವರನ್ನು ಸಾಕಲೇಬೇಕು ಅಂತ 2007ರ ಹಿರಿಯ ನಾಗರಿಕರ ಕಾಯ್ದೆ ಹೇಳುತ್ತದೆ. ಸಾಕದಿದ್ದರೆ ಉಪವಿಭಾಗದ ಮಟ್ಟದ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಹಿರಿಯರ ಸಹಾಯವಾಣಿ 14567.

ನಾಲ್ಕು, ವಕೀಲರಿಗೆ ದುಡ್ಡಿಲ್ಲ ಅನ್ನಬೇಡಿ. ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಅವರ ಹಕ್ಕು. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇದೆ. ಫೋನ್ 15100.

ಇವಿಷ್ಟೂ ಕಚೇರಿಯ ಕೆಲಸ. ಮನೆಯ ಕೆಲಸಕ್ಕೆ ಅರ್ಜಿ ಬೇಡ. ಅವರನ್ನು ಹೆಸರು ಹಿಡಿದು, 'ಅವರು' ಅಂತ ಕರೆಯಿರಿ, ಮಕ್ಕಳಿಗೂ ಹಾಗೇ ಕಲಿಸಿ. ಊಟಕ್ಕೆ ಜೊತೆಯಲ್ಲಿ ಕೂರಿಸಿ. ವಾರಕ್ಕೊಂದು ದಿನ ಕೆಲಸಕ್ಕೆ ರಜೆ ಕೊಡಿ. ಕೈಗೆ ಸ್ವಲ್ಪ ದುಡ್ಡು ಕೊಡಿ, ಕಳೆದುಕೊಂಡರೆ ಕಳೆದುಕೊಳ್ಳಲಿ. ನಾವೂ ನೀವೂ ಆನ್‌ಲೈನ್ ರಮ್ಮಿಯಲ್ಲಿ ಕಳೆದುಕೊಂಡಷ್ಟು ಅವರು ಕಳೆಯುವುದಿಲ್ಲ. ಏನಾದರೂ ತೀರ್ಮಾನ ಮಾಡುವ ಮುಂಚೆ ಅವರನ್ನು ಒಂದು ಮಾತು ಕೇಳಿ. ಉತ್ತರ ಬರಲು ತಡವಾದರೆ ಕಾಯಿರಿ.

ಕೇಳಿದೆವು

ಹೋದ ತಿಂಗಳು ನಮ್ಮಲ್ಲಿ ಮೂವರು ಆ ಊರಿಗೆ ಹೋಗಿದ್ದೆವು. ದೊಡ್ಡಪ್ಪನ ಪಕ್ಕ ಜಗಲಿ ಮೇಲೆ ಕೂತು, 'ನಿಮಗೇನು ಬೇಕು ದೊಡ್ಡಪ್ಪ?' ಅಂತ ಕೇಳಿದೆವು. ಅವರಿಗೆ ಪ್ರಶ್ನೆಯೇ ಹೊಸದು. ನಮ್ಮ ಮುಖ ನೋಡಿದರು. ಇನ್ನೇನು ಕೆಲಸ ಹೇಳುತ್ತಾರೆ ಅಂತ ಎದ್ದು ನಿಂತರು. ಕೂರಿಸಿ ಮತ್ತೆ ಕೇಳಿದೆವು. ಬಹಳ ಹೊತ್ತಾದ ಮೇಲೆ ಹೇಳಿದರು: 'ಬಸ್ಸಲ್ಲಿ ಹೋಗ್ಬೇಕು. ಟಿಕೇಟು ನಾನೇ ತಗೋಬೇಕು.'

ಅರವತ್ತು ವರ್ಷದಲ್ಲಿ ಅವರ ಕೈಯಲ್ಲಿ ಬಸ್ಸಿನ ದುಡ್ಡು ಕೊಟ್ಟವರೇ ಇರಲಿಲ್ಲ. ರಬ್ಬರ್ ಬ್ಯಾಂಡ್ ಹಾಕಿ ಇಟ್ಟುಕೊಂಡಿದ್ದ ಟಿಕೆಟ್‌ಗಳೆಲ್ಲ ಬೇರೆಯವರು ಬಿಸಾಡಿದವು. ಅವತ್ತು ತಿಪಟೂರಿಗೆ ಹೋಗಿ ಬಂದೆವು. ಅವರು ಟಿಕೆಟ್ ತೆಗೆದುಕೊಂಡರು, ನಮಗೂ ಅವರೇ ತೆಗೆದರು. ಕಂಡಕ್ಟರ್ 'ಚಿಲ್ಲರೆ ಕೊಡಿ ಯಜಮಾನ್ರೇ' ಅಂದಾಗ ತಿರುಗಿ ನಮ್ಮ ಕಡೆ ನೋಡಿದರು. ಯಾರಿಗೆ ಹೇಳಿದ್ದು ಅಂತ ಗೊತ್ತಾಗಲಿಲ್ಲ.

ಇದರಿಂದ ಏನೂ ಸರಿಹೋಗಿಲ್ಲ. ಒಂದು ದಿನದ ಬಸ್ಸು ನಲವತ್ತು ವರ್ಷದ ಕೂಲಿ ಆಗುವುದಿಲ್ಲ. ಗೆಳೆಯ ಅಪ್ಪನ ಹತ್ತಿರ ಪಾಲಿನ ಮಾತು ಎತ್ತಿದ್ದಾನೆ. 'ನಿನ್ನ ಓದ್ಸಿದ್ದು ಯಾವ ದುಡ್ಡಲ್ಲಿ ಅಂದ್ಕೊಂಡಿದೀಯ' ಅಂತ ಅಪ್ಪ ಕೇಳಿದರಂತೆ. ಆಮೇಲೆ ಇಬ್ಬರಿಗೂ ಮಾತಿಲ್ಲ.

ಅವರು ಕೇಳಿದ್ದು ಸರಿಯಾಗಿಯೇ ಇದೆ. ನಮ್ಮ ಗೆಳೆಯನ ಹಾಸ್ಟೆಲ್ ಫೀಸು, ಪದವಿ, ಈ ಲೇಖನ ಟೈಪ್ ಮಾಡುತ್ತಿರುವ ಲ್ಯಾಪ್‌ಟಾಪ್ ಎಲ್ಲವೂ ಆ ತೋಟದ ಕೊಬ್ಬರಿಯಿಂದ ಬಂದದ್ದು. ಅದನ್ನು ಹೊತ್ತು ಅಟ್ಟ ಏರಿಸಿದವರ ಪಂಚೆ ಎಳೆದ ವಿಡಿಯೊಗೆ ನಾವು ನಕ್ಕಿದ್ದೆವು. ಹಾಗಾಗಿ ಆ ಸಾಲ ಅಪ್ಪಂದಿರದ್ದು ಮಾತ್ರವಲ್ಲ, ನಮ್ಮದೂ ಹೌದು.

ಆ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಅಳಿಸಿ. ಆಮೇಲೆ ನಿಮ್ಮ ಮನೆಯ ಪಹಣಿ ತೆಗೆದು, ಅದರಲ್ಲಿ ಯಾರ ಹೆಸರು ಇಲ್ಲ ಅಂತ ಒಮ್ಮೆ ನೋಡಿ.